ಹೂತಿಟ್ಟ ಏಳು ಗುಡ್ಡೆ

ತಾಂದಿಲ್, ಅರ್ಜೆಂಟೀನಾ
15 ಜನವರಿ 1961

ಅತ್ತಿಗೆಯವರಿಗೆ ಚಿಕ್ಕಣ್ಣನ ನಮಸ್ಕಾರ. ಅಣ್ಣನ ಕಾಲಿಗೂ ಇಲ್ಲಿಂದಲೇ ಒಂದು ನಮಸ್ಕಾರ, ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳದಿದ್ದರೆ.

ಇಲ್ಲಿ ಜನವರಿ ಅಂದರೆ ಬಿರುಬೇಸಿಗೆ. ನೀವು ನಿನ್ನೆ ಎಳ್ಳು ಬೀರುವ ಹೊತ್ತಿಗೆ ನಾನು ಬೆವರು ಒರೆಸಿಕೊಳ್ಳುತ್ತ ಯಾರದೋ ಹಸುವಿನ ಬಾಯಿ ತೆರೆದು ನಾಲಿಗೆ ನೋಡುತ್ತಿದ್ದೆ. ಕಾಲುಬಾಯಿ ಜ್ವರಕ್ಕೆ ಲಸಿಕೆ ಮಾಡುವುದನ್ನು ಕಲಿತು ಬಾ ಅಂತ ಸರ್ಕಾರ ಇಷ್ಟು ದೂರ ಕಳಿಸಿದೆ. ಕೆಲಸವೇನೋ ಚೆನ್ನಾಗಿ ನಡೆಯುತ್ತಿದೆ. ಊಟದ್ದೇ ಫಜೀತಿ. ಎರಡು ಹೊತ್ತೂ ಮಾಂಸ, ಅದೂ ದನದ್ದು. ನಾನು ಮುಟ್ಟುವುದಿಲ್ಲ ಅಂದರೆ ಇವರಿಗೆ ನನ್ನ ಆರೋಗ್ಯದ ಮೇಲೆ ಅನುಮಾನ. ಕುರಿ ಸಿಕ್ಕ ದಿನ ತಿನ್ನುತ್ತೇನೆ, ಸಿಗದ ದಿನ ಬ್ರೆಡ್ಡು, ಆಲೂಗೆಡ್ಡೆ. ಕುರಿಗೂ ಉಪ್ಪು ಬಿಟ್ಟು ಬೇರೇನೂ ಹಾಕುವುದಿಲ್ಲ, ಅತ್ತಿಗೆ. ಒಂದು ಹಸಿಮೆಣಸಿನಕಾಯಿಗಾಗಿ ಊರೆಲ್ಲ ಸುತ್ತಿದ್ದೇನೆ. ನೀವು ಕಟ್ಟಿಕೊಟ್ಟ ಖಾರದಪುಡಿ ಡಬ್ಬದ ತಳ ಕಾಣುತ್ತಿದೆ. ಈಗ ಅದನ್ನು ತಿನ್ನುವುದಕ್ಕಿಂತ ಮೂಸಿ ನೋಡುವುದೇ ಹೆಚ್ಚು.

ಪಂಚಾಂಗದ ಲೆಕ್ಕ ಹಾಕಿ ನೋಡಿದೆ. ಈ ಸಲ ಯುಗಾದಿ ಮಾರ್ಚ್ ಹದಿನೇಳು, ಶುಕ್ರವಾರ. ಮಾರನೆಯ ದಿನ, ಮರಿ ಕುಯ್ಯುವ ತೊಡಕು, ಶನಿವಾರ ಬೀಳುತ್ತದೆ. ಶನಿವಾರ ಬಾಡು ಮಾಡದವರು ಭಾನುವಾರಕ್ಕೆ ಹಾಕುತ್ತಾರೆ, ಅಲ್ಲವೇ? ಹೆಬ್ಬಾಳದ ನಮ್ಮ ಹೊಲದ ಹೊಂಗೆಮರದ ಕೆಳಗೆ ಏಳು ಮನೆಯವರು ಸೇರಿ ಒಂದು ಮರಿ ಕುಯ್ದು, ಮುತ್ತುಗದ ಎಲೆ ಹಾಸಿ, ಏಳು ಗುಡ್ಡೆ ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬೊಬ್ಬರದು ಒಂದೊಂದು ಗುರುತು, ಕಲ್ಲು, ಕಡ್ಡಿ, ಎಲೆ. ಏಳು ಮನೆಗೂ ಹಿರಿಯಳಾದ ಬೀರಮ್ಮ ಬೆನ್ನು ತಿರುಗಿಸಿ ನಿಂತು ಅವನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಕೈಗೆ ಬಂದದ್ದನ್ನು ಒಂದೊಂದು ಗುಡ್ಡೆಯ ಮೇಲೆ ಇಡುತ್ತಿದ್ದಳು. ಯಾರ ಪಾಲು ಯಾವುದು ಅಂತ ಜಗಳವೇ ಇಲ್ಲ. ಕುಯ್ಯುವಾಗಲೇ ಅಣ್ಣ ಎದೆಯ ಕಡೆಯಿಂದ ಒಂದು ತುಂಡು ತೆಗೆದು, ಕೆಂಡದ ಮೇಲೆ ಸುಟ್ಟು, ಖಾರ ಹಚ್ಚಿ, "ತಗಳೋ" ಅಂತ ನನ್ನ ಕೈಗೆ ಕೊಡುತ್ತಿದ್ದರು. ಬಾಯಿ ಸುಡುತ್ತಿತ್ತು. ಅಷ್ಟು ರುಚಿ ಮತ್ತೆಲ್ಲೂ ಸಿಕ್ಕಿಲ್ಲ. ಬೀರಮ್ಮನೂ ಹೋದಳು ಪಾಪ, ಐವತ್ತಾರರಲ್ಲೇ ಜ್ವರ ಬಂದು.

ಐವತ್ತಾರನೆಯ ಇಸವಿ ತೊಡಕಿನ ದಿನದ ವಿಷಯ ನಾವು ಮಾತಾಡುವುದಿಲ್ಲ, ನನಗೆ ಗೊತ್ತು. ಆದರೂ ಒಂದು ಸಲ ಬರೆದುಬಿಡುತ್ತೇನೆ. ಅಣ್ಣ ಸಾಕಿದ ಟಗರಿನ ಲಿವರಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನೀರ್ಗುಳ್ಳೆಗಳಿದ್ದವು. ನಾನು ಮದರಾಸಿನಲ್ಲಿ ಐದು ವರ್ಷ ಪಶುವೈದ್ಯ ಓದಿ ಬಂದು, ಅದನ್ನು ಕಣ್ಣಾರೆ ಕಂಡು ಸುಮ್ಮನಿರಬೇಕಿತ್ತೇ? ರೋಗದ ಮರಿ, ಯಾರೂ ಮುಟ್ಟಬೇಡಿ ಅಂದೆ. ಹಾಕಿದ ಏಳು ಗುಡ್ಡೆಯನ್ನೂ ಸುಣ್ಣ ಹಾಕಿ ಹೂಳಿಸಿದೆ. ಏಳು ಮನೆಯವರ ಎದುರು ಅಣ್ಣನಿಗೆ ಅವಮಾನವಾಯಿತು, ನಿಜ. ಆದರೆ ನಾನು ಮಾಡಿದ್ದು ಸರಿ. ಅದಕ್ಕೆ ಐದು ವರ್ಷ ಮಾತು ಬಿಡುವುದೇ? ರಜೆಗೆ ಬಂದರೆ ಅಣ್ಣ ಅರಮನೆ ತೋಟದ ಕೆಲಸಕ್ಕೆ ಹೊರಟುಬಿಡುತ್ತಾರೆ. ನಾನು ಹಡಗು ಹತ್ತಲು ಹೊರಟ ದಿನವೂ "ಹುಷಾರು" ಅಂತ ಬಾಗಿಲಿಗೆ ಹೇಳಿದ ಹಾಗೆ ಹೇಳಿದರು.

ನನ್ನ ಕಾಗದ ಓದುವಾಗ ಅಣ್ಣ ಏನಾದರೂ ಅನ್ನುತ್ತಾರೆಯೇ? ಒಂದು ಮಾತಾದರೂ ಸರಿ, ಬೈದಿದ್ದಾದರೂ ಸರಿ, ಬರೆಯಿರಿ.

ನಿಮ್ಮ
ಚಿಕ್ಕಣ್ಣ

*

ನಜರ್‌ಬಾದ್, ಮೈಸೂರು
9 ಫೆಬ್ರವರಿ 1961

ಚಿಕ್ಕಣ್ಣನಿಗೆ ಅತ್ತಿಗೆ ದೇವಿರಮ್ಮ ಮಾಡುವ ಆಶೀರ್ವಾದ.

ನಾಲ್ಕನೇ ಕ್ಲಾಸಿನವಳ ಅಕ್ಷರ, ಕಣ್ಣು ಕಿರಿದು ಮಾಡಿಕೊಂಡು ಓದಿಕೋ. ನಿನ್ನ ಕಾಗದ ತಲುಪುವುದಕ್ಕೆ ಹದಿನೆಂಟು ದಿನ ತೆಗೆದುಕೊಂಡಿತು. ಪೋಸ್ಟಿನ ಷಡಕ್ಷರಪ್ಪನವರು ಸ್ಟಾಂಪನ್ನು ಬಿಸಿಲಿಗೆ ಹಿಡಿದು ನೋಡಿ, "ಇದ್ಯಾವ ದೇಶ ಕಣಮ್ಮ" ಅಂದರು. ನಮ್ಮ ಚಿಕ್ಕಣ್ಣ ಮೂಸಿ ನೋಡುವ ದೇಶ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಖಾರದಪುಡಿ ಕುಟ್ಟಿಸಿದ್ದೇನೆ, ಯಾರಾದರೂ ಆ ಕಡೆ ಹೊರಡುವವರಿದ್ದರೆ ಹೇಳು. ಆ ಕಡೆ ಯಾರು ಹೋಗುತ್ತಾರೆ, ಅದೂ ಒಂದು ಮಾತೇ.

ನಾನು ಕಾಗದ ಓದುವಾಗ ನಿಮ್ಮಣ್ಣ ಜಗಲಿಯಲ್ಲಿ ಆ ಕಡೆ ತಿರುಗಿ ಹಗ್ಗ ಹೊಸೆಯುತ್ತಾ ಕೂರುತ್ತಾರೆ. ಕೇಳಿಸಿಕೊಳ್ಳುವುದಿಲ್ಲ ಅಂತ ನಾನೂ ತಿಳಿದಿದ್ದೆ. ನೀನು ಹಸುವಿನ ಬಾಯಿ ತೆರೆದು ನೋಡಿದ ವಿಷಯ ಬಂದಾಗ ಹಗ್ಗ ನಿಂತಿತು. "ಅಲ್ಲೀ ಹಸ ಎಷ್ಟು ಹಾಲು ಕರೀತವಂತೆ ಕೇಳು" ಅಂದರು. ಇದನ್ನು ನಿನಗೆ ಹೇಳಬೇಡ ಅಂತೇನೂ ಅನ್ನಲಿಲ್ಲ, ಅದಕ್ಕೆ ಹೇಳಿದೆ. ಐವತ್ತಾರರ ವಿಷಯ ಬರೆದಿದ್ದೆಯಲ್ಲ, ಅದನ್ನು ನಾನು ಓದಿ ಹೇಳಲಿಲ್ಲ. ಹಳೆಯದನ್ನೆಲ್ಲ ಯಾಕಪ್ಪ ಕೆದಕುತ್ತೀಯ?

ತೊಡಕು ನಾವು ಮಾಡುವುದಿಲ್ಲ ಕಣೋ. ನಿಮ್ಮಣ್ಣ ಬಾಡು ಬಿಟ್ಟಿದ್ದಾರೆ. ದವಡೆಯ ಹಲ್ಲು ಎರಡು ಹೋಗಿವೆ, ಅಗಿಯುವುದಕ್ಕಾಗುವುದಿಲ್ಲ. ನನ್ನೊಬ್ಬಳಿಗೆ ಅಂತ ಒಲೆ ಹಚ್ಚುವುದು ಯಾಕೆ ಅಂತ ನಾನೂ ಸುಮ್ಮನಿದ್ದೇನೆ. ಹೆಬ್ಬಾಳದ ಹೊಲ ಬೇರೆಯವರಿಗೆ ವಾರಕ್ಕೆ ಕೊಟ್ಟಿದ್ದು ಕೊಟ್ಟ ಹಾಗೆಯೇ ಇದೆ. ಮೈಸೂರಿನ ಆ ಅಂಚಿಗೆ ನಾವು ಹೋಗುವುದು ಕಡಿಮೆ. ಇಲ್ಲಿ ಅರಮನೆ ತೋಟದ ಕೆಲಸ ನಿಮ್ಮಣ್ಣನಿಗೆ ಹತ್ತಿರ, ನಲ್ಲಿಯಲ್ಲಿ ಬೆಳಗ್ಗೆ ಸಂಜೆ ನೀರು ಬರುತ್ತದೆ, ನನಗೂ ಸುಖವೇ.

ಬೀರಮ್ಮನ ಮಗ ದೇವರಾಜು ಒಂಟಿಕೊಪ್ಪಲಿನ ಹತ್ತಿರ ಸಿಕ್ಕಿದ್ದ. ಅವನಿಗೂ ಕೆಲಸ ಜಾಸ್ತಿ, ನಿಂತು ಮಾತಾಡಲಿಲ್ಲ.

ಆಗಸ್ಟಿಗೆ ನಿನ್ನ ಕಲಿಕೆ ಮುಗಿಯುತ್ತದೆ ಅಂದಿದ್ದೆ. ದಿನ ಎಣಿಸುತ್ತಿದ್ದೇನೆ. ನೀನಿಲ್ಲದ ಮನೆಯಲ್ಲಿ ಬೈಯುವುದಕ್ಕೂ ಯಾರೂ ಇಲ್ಲ.

ದೇವಿರಮ್ಮ

*

ತಾಂದಿಲ್
20 ಮಾರ್ಚ್ 1961

ಅತ್ತಿಗೆ,

ಈ ಕಾಗದವನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ. ಆಮೇಲೆ ಅಣ್ಣನಿಗೆ ಒಂದಕ್ಷರ ಬಿಡದೆ ಓದಿ ಹೇಳಿ. ಬಿಡುವ ಅಭ್ಯಾಸ ನಿಮಗಿದೆ ಅಂತ ಹೋದ ಕಾಗದದಲ್ಲಿ ಗೊತ್ತಾಯಿತು.

ಅಣ್ಣ ಹಸುವಿನ ಹಾಲಿನ ವಿಷಯ ಕೇಳಿದರು ಅಂತ ಬರೆದಿರಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇಲ್ಲಿಯ ಒಳ್ಳೆಯ ಹಸು ದಿನಕ್ಕೆ ಇಪ್ಪತ್ತು ಸೇರಿನ ಹತ್ತಿರ ಕೊಡುತ್ತದೆ ಅಂತ ಹೇಳಿ.

ನಿನ್ನೆ ಭಾನುವಾರ. ನಿಮ್ಮಲ್ಲಿ ತೊಡಕು. ಇಲ್ಲಿ ದೋನ್ ಅನ್ಸೆಲ್ಮೋ ಎಂಬ ಮುದುಕರೊಬ್ಬರಿದ್ದಾರೆ. ದೋನ್ ಅಂದರೆ ನಾವು ಯಜಮಾನರು ಅಂದ ಹಾಗೆ. ಅವರ ದನಗಳಿಗೆ ಲಸಿಕೆ ಹಾಕಲು ಹೋಗಿ ಪರಿಚಯವಾಯಿತು. ನಮ್ಮ ಊರಿನಲ್ಲಿ ಹಬ್ಬ, ಮರಿ ಕುಯ್ದು ಹಂಚಿಕೊಳ್ಳುವ ದಿನ ಅಂತ ಅರೆಬರೆ ಭಾಷೆಯಲ್ಲಿ ಹೇಳಿದ್ದೆ. ಹಾಗಾದರೆ ನಮ್ಮ ತೋಟಕ್ಕೇ ಬಾ, ಇಲ್ಲಿಯೂ ಹಾಗೆಯೇ ಅಂದರು. ನಿಜವಾಗಿಯೂ ಹಾಗೆಯೇ. ಅವರ ಅಣ್ಣತಮ್ಮಂದಿರ ಮನೆಯವರು, ನೆರೆಹೊರೆಯವರು ಎಲ್ಲ ಬಂದಿದ್ದರು. ಬೆಳಗ್ಗೆಯೇ ಸೌದೆ ಉರಿಸಿ ಕೆಂಡ ಮಾಡಿದರು. ಇಡೀ ಮರಿಯನ್ನು ಸೀಳಿ ಕಬ್ಬಿಣದ ಶಿಲುಬೆಗೆ ಕಟ್ಟಿ, ಕೆಂಡದ ಪಕ್ಕದಲ್ಲಿ ಓರೆಯಾಗಿ ನೆಟ್ಟರು. ಆಮೇಲೆ ನಾಲ್ಕು ಗಂಟೆ ಕಾಯುವುದೇ ಕೆಲಸ. ಯಾರೂ ಅವಸರ ಮಾಡುವುದಿಲ್ಲ. ಉಪ್ಪುನೀರು ಚಿಮುಕಿಸುವುದು, ಮಾತಾಡುವುದು, ನಗುವುದು. ಸುಡುವವನನ್ನು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಬಡಿಸಿದ ಮೇಲೆ ಅವನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಅಣ್ಣನದೇ ನೆನಪು. ಅಣ್ಣನಿಗೆ ಯಾರೂ ಒಂದು ದಿನ ಚಪ್ಪಾಳೆ ತಟ್ಟಲಿಲ್ಲ.

ಈಗ ಹೇಳಬೇಕಾದ್ದು. ಬೆಳಗ್ಗೆ ಮರಿ ಕುಯ್ಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊಟ್ಟೆ ಸೀಳಿದರು. ಲಿವರಿನ ಮೇಲೆ ಬಿಳಿಯ ನೀರ್ಗುಳ್ಳೆ, ಎರಡು, ಮೂರು. ನಿಂಬೆಹಣ್ಣಿನಷ್ಟು. ಅದೇ. ಆ ದಿನ ಹೊಂಗೆಮರದ ಕೆಳಗೆ ಕಂಡದ್ದು ಅದೇ. ನಿಲ್ಲಿಸಿ, ಹೂಳಿಸಿ ಅಂತ ಕೂಗಿಕೊಂಡೆ. ದೋನ್ ಅನ್ಸೆಲ್ಮೋ ನನ್ನ ಮುಖ ನೋಡಿದರು. ಲಿವರನ್ನು ಬೇರ್ಪಡಿಸಿ ನೇರವಾಗಿ ಬೆಂಕಿಗೆ ಎಸೆದರು. ನಾಯಿಯ ಬಾಯಿಗೆ ಸಿಗಬಾರದು, ನಾಯಿ ತಿಂದರೆ ಅದರಿಂದ ಮತ್ತೆ ಮನುಷ್ಯರಿಗೆ ಬರುತ್ತದೆ ಅಂದರು. ಶ್ವಾಸಕೋಶ ಒತ್ತಿ ನೋಡಿದರು, ಹೃದಯ ಸೀಳಿ ನೋಡಿದರು, ಚಾಕು ತೊಳೆದರು, ಮುಂದಿನ ಕೆಲಸಕ್ಕೆ ಹೋದರು. "ಮಾಂಸಕ್ಕೇನಾಗಿದೆ ಡಾಕ್ಟರೇ, ಮರಿ ಕೊಬ್ಬಿದೆ, ಚೆನ್ನಾಗಿದೆ" ಅಂತ ನಕ್ಕರು. ಅಕ್ಷರ ಬಾರದ ಮುದುಕ, ಅತ್ತಿಗೆ.

ಇವತ್ತು ಬೆಳಗ್ಗೆ ನಮ್ಮ ಮುಖ್ಯಸ್ಥರನ್ನು ಕೇಳಿದೆ. ಪುಸ್ತಕ ತೆಗೆದು ತೋರಿಸಿದರು. ತೋರಿಸಬೇಕಾಗಿಯೇ ಇರಲಿಲ್ಲ. ಆ ಗುಳ್ಳೆ ಇರುವ ಅಂಗವನ್ನು ಮಾತ್ರ ತೆಗೆದು ಸುಡಬೇಕು, ಮರಿ ಬಡಕಲಾಗಿಲ್ಲದಿದ್ದರೆ ಉಳಿದ ಮಾಂಸ ತಿನ್ನಬಹುದು. ಇದನ್ನೇ ನಾನು ಮದರಾಸಿನಲ್ಲಿ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಪರೀಕ್ಷೆ ಮುಗಿದು ಒಂದು ತಿಂಗಳಾಗಿತ್ತು. ಹೊಸ ಬೂಟು ಹಾಕಿಕೊಂಡು ಹೊಲಕ್ಕೆ ಬಂದಿದ್ದೆ. ಏಳು ಮನೆಯವರು ನನ್ನ ಕಡೆ ನೋಡುತ್ತಿದ್ದರು, "ಡಾಕ್ಟ್ರು ಏನಂತಾರೋ" ಅಂತ ಯಾರೋ ಅಂದರು. ಆ ಮಾತು ನೆತ್ತಿಗೇರಿತು. ಲಿವರು ಮಾತ್ರ ಎಸೆಯಿರಿ ಅಂದಿದ್ದರೆ ಅದು ಸಣ್ಣ ಮಾತಾಗುತ್ತಿತ್ತು. ದೊಡ್ಡ ಮಾತು ಬೇಕಿತ್ತು ನನಗೆ. ಅಣ್ಣ ಎರಡು ವರ್ಷ ಕೈಯಾರೆ ಸೊಪ್ಪು ತಿನ್ನಿಸಿ ಸಾಕಿದ ಟಗರು. ಒಂದು ನಿಮಿಷವೂ ಯೋಚಿಸಲಿಲ್ಲ.

ನಿನ್ನೆ ಆ ಮರಿಯನ್ನು ತಿಂದೆ. ಮೊದಲ ತುಂಡನ್ನು ದೋನ್ ಅನ್ಸೆಲ್ಮೋ ನನ್ನ ಕೈಗೇ ಕೊಟ್ಟರು. ಖಾರದಪುಡಿಯ ಡಬ್ಬ ತೆಗೆದು ಎಲ್ಲರಿಗೂ ಒಂದೊಂದು ಚಿಟಿಕೆ ಹಾಕಿದೆ, ಕೆಮ್ಮಿ ಕಣ್ಣೀರಿಟ್ಟು ನಕ್ಕರು. ನನ್ನ ಕಣ್ಣೀರನ್ನೂ ಖಾರದ್ದೇ ಅಂದುಕೊಂಡರು. ಒಳ್ಳೆಯದೇ ಆಯಿತು.

ಅಣ್ಣನಿಗೆ ಹೇಳಿ. ಅವರ ಟಗರು ಚೆನ್ನಾಗಿತ್ತು. ತಪ್ಪು ನನ್ನದು. ಕ್ಷಮಿಸಿ ಅಂತ ಕೇಳುವ ಮುಖ ಇಲ್ಲ. ಬೈಯಲಿ, ಸಾಕು.

ಚಿಕ್ಕಣ್ಣ

*

ನಜರ್‌ಬಾದ್
14 ಏಪ್ರಿಲ್ 1961

ಚಿರಂಜೀವಿ ಚಿಕ್ಕಣ್ಣನಿಗೆ ಆಶೀರ್ವಾದ.

ನಾವು ಕ್ಷೇಮ. ನಿನ್ನ ಕಾಗದ ಬಂತು. ಓದಿದೆ.

ಇಲ್ಲಿ ಬಿಸಿಲು ಜಾಸ್ತಿ. ನಲ್ಲಿಯಲ್ಲಿ ನೀರು ಈಗ ಬೆಳಗ್ಗೆ ಮಾತ್ರ. ಪಕ್ಕದ ಮನೆಯ ಸರೋಜಮ್ಮನ ಮಗಳಿಗೆ ಗಂಡು ಗೊತ್ತಾಗಿದೆ, ಹುಡುಗ ಚಾಮರಾಜನಗರದವನು, ಮೇಷ್ಟ್ರು. ನನ್ನ ಮೊಣಕಾಲು ನೋವು ವಾಸಿ. ನಿಮ್ಮಣ್ಣ ತೋಟದಲ್ಲಿ ಗುಲಾಬಿ ಗಿಡಗಳಿಗೆ ಕಸಿ ಕಟ್ಟುತ್ತಿದ್ದಾರೆ.

ಹಾಲಿನ ವಿಷಯ ಹೇಳಿದೆ. ಇಪ್ಪತ್ತು ಸೇರು ಅಂದರೆ ನಂಬಲಿಲ್ಲ.

ಹೊಟ್ಟೆ ತುಂಬ ಊಟ ಮಾಡು. ಬೇರೇನೂ ಯೋಚನೆ ಹಚ್ಚಿಕೊಳ್ಳಬೇಡ.

ದೇವಿರಮ್ಮ

*

ತಾಂದಿಲ್
6 ಮೇ 1961

ಅತ್ತಿಗೆ,

ನಲ್ಲಿಯ ನೀರು, ಸರೋಜಮ್ಮನ ಮಗಳು, ಗುಲಾಬಿ ಕಸಿ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಾನು ಬರೆದದ್ದಕ್ಕೆ ಅಣ್ಣ ಕೊಟ್ಟ ಉತ್ತರ ಏನೂ ಇಲ್ಲ ಅನ್ನುವುದು ಅರ್ಥವಾಯಿತು. ತಪ್ಪು ಮಾಡಿದವನಿಗೆ ಮಾತು ಬಿಟ್ಟಿದ್ದರು. ಒಪ್ಪಿಕೊಂಡವನಿಗೂ ಮಾತಿಲ್ಲ. ಅವರದೇ ನ್ಯಾಯ, ನಾನು ತಕರಾರು ಮಾಡುವುದಿಲ್ಲ.

ಅಣ್ಣ ನನಗೆ ತಂದೆಯ ಹಾಗೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ಅಪ್ಪ ಸತ್ತಾಗ ನನಗೆ ಆರು ವರ್ಷ. ಹೆಗಲ ಮೇಲೆ ಕೂರಿಸಿಕೊಂಡು ಹೆಬ್ಬಾಳದಿಂದ ಒಂಟಿಕೊಪ್ಪಲಿನ ಸ್ಕೂಲಿಗೆ ತಂದು ಬಿಟ್ಟವರು ಅವರು. ಅವರು ಮಾತಾಡದೆ ಇರುವ ಮನೆಗೆ ಬಂದು ನಾನು ಏನು ಮಾಡಲಿ? ನಿಮ್ಮ ಕೈಯ ಊಟಕ್ಕಾಗಿ ಜೀವ ಹಾತೊರೆಯುತ್ತದೆ, ನಿಜ. ಆದರೆ ಬೆನ್ನು ತಿರುಗಿಸಿ ಕೂತವರ ಎದುರು ತುತ್ತು ಇಳಿಯುವುದಿಲ್ಲ.

ಇಲ್ಲೇ ಇನ್ನೆರಡು ವರ್ಷ ಕೆಲಸಕ್ಕೆ ಇರು ಅಂತ ಒಪ್ಪಂದದ ಕಾಗದ ಕೊಟ್ಟಿದ್ದಾರೆ. ಜೂನ್ ಮೂವತ್ತರೊಳಗೆ ಸಹಿ ಹಾಕಿ ಕೊಡಬೇಕು. ಸಹಿ ಹಾಕಿದರೆ ಎರಡು ವರ್ಷ ನಡುವೆ ಬರುವ ಹಾಗಿಲ್ಲ. ದೋನ್ ಅನ್ಸೆಲ್ಮೋ, ನಿನಗೂ ನಮ್ಮ ತೋಟವೇ ಮನೆ ಅನ್ನುತ್ತಾರೆ. ಪ್ರತಿ ಭಾನುವಾರ ಹೋಗುತ್ತೇನೆ. ಅವರ ಅಣ್ಣ ತಮ್ಮಂದಿರು ಕೆಂಡದ ಸುತ್ತ ಕೂತು ಒಬ್ಬರ ಮೇಲೊಬ್ಬರು ಜೋರಾಗಿ ಕೂಗಾಡುತ್ತಾರೆ, ಆಮೇಲೆ ಒಂದೇ ತಟ್ಟೆಯಿಂದ ತಿನ್ನುತ್ತಾರೆ. ನೋಡಿಕೊಂಡು ಕೂರುತ್ತೇನೆ.

ಅಣ್ಣನಿಂದ ಒಂದು ಸಾಲು ಬಂದರೆ ಸಹಿ ಹಾಕುವುದಿಲ್ಲ. ಇಲ್ಲದಿದ್ದರೆ ಹಾಕುತ್ತೇನೆ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಇದ್ದದ್ದನ್ನು ಹೇಳಿದೆ.

ಚಿಕ್ಕಣ್ಣ

*

ನಜರ್‌ಬಾದ್
28 ಮೇ 1961

ಚಿಕ್ಕಣ್ಣ,

ಬೈಯಬೇಕಾದದ್ದು ನನ್ನನ್ನು. ನಿನ್ನ ಮಾರ್ಚಿ ತಿಂಗಳ ಕಾಗದವನ್ನು ನಾನು ನಿಮ್ಮಣ್ಣನಿಗೆ ಓದಿ ಹೇಳಲೇ ಇಲ್ಲ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಯಾಕೆ ಅಂತ ಹೇಳುತ್ತೇನೆ, ನೀನು ಕೂತುಕೊಂಡು ಓದು.

ನಿಮ್ಮಣ್ಣನಿಗೆ ನಿನ್ನ ಮೇಲೆ ಸಿಟ್ಟು ಅಂತ ನೀನು ಐದು ವರ್ಷದಿಂದ ತಿಳಿದಿದ್ದೀಯ. ಸಿಟ್ಟಿರಲಿಲ್ಲ ಕಣೋ. ನಾಚಿಕೆ. ನಿನ್ನ ಮುಖ ನೋಡಲಾರದಷ್ಟು ನಾಚಿಕೆ.

ಆ ದಿನ ನೀನು ಹೊಲಕ್ಕೆ ಬರುವ ಮುಂಚೆ, ಕುಯ್ದ ಕೂಡಲೇ ರಕ್ತ ಹಿಡಿದು ಈರುಳ್ಳಿ ಹಾಕಿ ಹುರಿದಿದ್ದೆವು. ಬೀರಮ್ಮನಿಗೆ ಹಲ್ಲಿರಲಿಲ್ಲ, ಅವಳಿಗೆ ಅದೇ ಇಷ್ಟ. ನಿಮ್ಮಣ್ಣ ತಾವೇ ಬಟ್ಟಲಿಗೆ ಹಾಕಿ ತಂದುಕೊಟ್ಟರು. "ತಿನ್ನು ಬೀರಮ್ಮಜ್ಜಿ, ಇದು ಬೇಗ ಇಳೀತದೆ" ಅಂದರು. ಅವಳು ತಿಂದು ಬಟ್ಟಲು ತೊಳೆದಿಟ್ಟಳು. ಆಮೇಲೆ ನೀನು ಬಂದೆ. ಎಲ್ಲ ಹೂಳಿಸಿದೆ, ಮಾರನೆಯ ದಿನ ಡ್ಯೂಟಿ ಅಂತ ರೈಲು ಹತ್ತಿ ಹೋದೆ.

ಎಂಟನೆಯ ದಿನ ಬೀರಮ್ಮ ಹೋದಳು. ಜ್ವರ, ಎದೆಯಲ್ಲಿ ಕಫ. ಅವಳಿಗೆ ಎಪ್ಪತ್ತು ದಾಟಿತ್ತು, ಹಿಂದಿನ ಚಳಿಗಾಲದಿಂದಲೂ ಕೆಮ್ಮುತ್ತಿದ್ದಳು. ಆದರೆ ಹೆಣ ಎತ್ತುವಾಗ ದೇವರಾಜು ಎಲ್ಲರ ಎದುರಿಗೆ, "ನಮ್ಮವ್ವ ನಿಮ್ಮ ಮರಿ ನೆತ್ತರು ತಿಂದೇ ಸತ್ತಳು, ನಿನ್ ತಮ್ಮನೇ ಹೇಳ್ನಲ್ಲ ರೋಗದ್ದು ಅಂತ" ಅಂದ. ನಿಮ್ಮಣ್ಣ ನಂಬಿಬಿಟ್ಟರು. ಡಾಕ್ಟರು ಓದಿದ ತಮ್ಮ ಹೇಳಿದ್ದು ಸುಳ್ಳಾಗುತ್ತದೆಯೇ?

ಉಳಿದ ಐದು ಮನೆಯವರೂ ನಮ್ಮ ಜೊತೆ ಪಾಲು ಹಾಕುವುದನ್ನು ಬಿಟ್ಟರು. ನಿಮ್ಮಣ್ಣ ಕುರಿಗಳನ್ನೆಲ್ಲ ಕೊಟ್ಟುಬಿಟ್ಟರು. ಹೊಲ ವಾರಕ್ಕೆ ಹಾಕಿ, ಎರಡೇ ತಿಂಗಳಲ್ಲಿ ಹೆಬ್ಬಾಳ ಬಿಟ್ಟು ಇಲ್ಲಿಗೆ ಬಂದೆವು. ತೋಟದ ಕೆಲಸ ಸಿಕ್ಕಿತು ಅಂತ ನಿನಗೆ ಬರೆದೆ. ಕೆಲಸ ಸಿಕ್ಕಿದ್ದು ಬಂದ ಮೇಲೆ. ಆ ದಿನದಿಂದ ಅವರು ಬಾಡು ಮುಟ್ಟಿಲ್ಲ. ಅವರ ಹಲ್ಲು ಮೂವತ್ತೆರಡೂ ಗಟ್ಟಿಯಾಗಿವೆ. ನಿನಗೆ ನಾನು ಸುಳ್ಳು ಹೇಳಿದೆ.

ನಿನಗೆ ಇದನ್ನೆಲ್ಲ ಹೇಳಬಾರದು ಅಂತ ಅವರೇ ನನ್ನಿಂದ ಮಾತು ತೆಗೆದುಕೊಂಡಿದ್ದರು. "ಅವನು ಓದಿದ್ದಕ್ಕೆ ಏಳು ಮನೆ ಉಳೀತು ಕಣೆ. ಒಂದು ಜೀವ ನನ್ನ ಕೈಲಿ ಹೋಯ್ತು, ಅದು ನನ್ನ ಕರ್ಮ. ಅವನಿಗ್ಯಾಕೆ" ಅಂದಿದ್ದರು. ನೀನು ರಜೆಗೆ ಬಂದಾಗ ಅವರು ಹಿತ್ತಲಿನಿಂದ ನಿನ್ನನ್ನು ನೋಡುತ್ತ ನಿಲ್ಲುತ್ತಿದ್ದರು. ನೀನು ಕಾಣಲಿಲ್ಲ. ಅವರಿಗೆ ಆ ಐದು ವರ್ಷದಲ್ಲಿ ಹಿಡಿದುಕೊಳ್ಳಲಿಕ್ಕೆ ಇದ್ದದ್ದು ಒಂದೇ, ತಮ್ಮ ಸರಿಯಾಗಿ ಓದಿದ್ದಾನೆ ಅನ್ನುವುದು.

ಈಗ ನಿನ್ನ ಕಾಗದ ಓದಿ ಹೇಳಿದರೆ ಏನಾಗುತ್ತದೆ, ಹೇಳು. ಬೀರಮ್ಮನ ಸಾವು ಅವರ ತಲೆಯಿಂದ ಇಳಿಯುತ್ತದೆ, ಸರಿ. ಆದರೆ ಆ ಭಾರ ಹೊರಿಸಿದ್ದು ನೀನು ಅಂತ ಗೊತ್ತಾಗುತ್ತದೆ. ಡಬ್ಬದ ಮುಚ್ಚಳ ತೆಗೆದು ಕಾಗದ ಮುಟ್ಟಿ ಮುಚ್ಚುತ್ತಿದ್ದೆ. ಒಂದೂವರೆ ತಿಂಗಳು ಹೀಗೇ ಕಳೆಯಿತು. ನೀನು ಸಹಿ ಹಾಕುತ್ತೇನೆ ಅಂತ ಬರೆದದ್ದು ಓದಿದ ಮೇಲೆ ನನ್ನ ಧೈರ್ಯ ಮುಗಿಯಿತು. ಅವರನ್ನು ಸುಮ್ಮನೆ ಹೀಗೆ ಇಟ್ಟುಕೊಂಡು ನಿನ್ನನ್ನೂ ಕಳೆದುಕೊಳ್ಳಲಾರೆ.

ನಿನ್ನೆ ಮಧ್ಯಾಹ್ನ ಊಟ ಆದ ಮೇಲೆ ಓದಿದೆ. ಒಂದಕ್ಷರ ಬಿಡಲಿಲ್ಲ. ಲಿವರನ್ನು ಮಾತ್ರ ಸುಡಬೇಕು ಅಂತ ಬರೆದಿದ್ದೀಯಲ್ಲ, ಅದನ್ನು ಮೂರು ಸಲ ಓದಿಸಿದರು. "ನೆತ್ತರಿಗೆ ಏನಂತ ಬರ್ದವ್ನೆ" ಅಂತ ಕೇಳಿದರು. ಅದರ ವಿಷಯ ಇಲ್ಲ, ಆದರೆ ಆ ಕಾಯಿಲೆ ಬರುವುದು ನಾಯಿಯಿಂದ ಅಂತ ಬರೆದಿದ್ದಾನೆ ಅಂದೆ. ಎದ್ದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಚಪ್ಪಲಿ ಇಲ್ಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಬಂದರು, ಕಾಲೆಲ್ಲ ಧೂಳು. ಹೆಬ್ಬಾಳಕ್ಕೆ ಹೋಗಿದ್ದರಂತೆ. ಮುದ್ದೆ ಉಂಡು ಮಲಗಿದರು. ಬೆಳಗ್ಗೆ ಎದ್ದು, "ಕಾಗದ ಪೆನ್ನು ಮಡಗು, ನಾನೇ ಬರೀತೀನಿ" ಅಂದರು. ಸಹಿ ಮಾಡುವುದು ಬಿಟ್ಟು ಅವರು ಪೆನ್ನು ಹಿಡಿದದ್ದನ್ನು ನಾನು ನೋಡಿಲ್ಲ. ಎಷ್ಟು ದಿನ ತೆಗೆದುಕೊಳ್ಳುತ್ತಾರೋ.

ಅಲ್ಲಿಯವರೆಗೂ ಸಹಿ ಹಾಕಬೇಡ. ನನ್ನಾಣೆ.

ದೇವಿರಮ್ಮ

*

ನಜರ್‌ಬಾದು
4 ಜೂನ್ 1961

ಚಿಕ್ಕಣ್ಣನಿಗೆ ಕೆಂಪಯ್ಯ ಬರೆಯೋದು.

ನಂಗೆ ಬರೆಯಕ್ಕೆ ಬರದು. ಮಾತಾಡ್ದಂಗೆ ಬರೀತೀನಿ. ನಿಮ್ಮತ್ತಿಗೆ ತಿದ್ದಿಕೊಡ್ತೀನಿ ಅಂದ್ಲು, ಬ್ಯಾಡ ಅಂದೆ. ಇದು ನಾಕನೇ ಕಾಗದ. ಮೂರು ಹರಿದಾಕ್ದೆ.

ನಿನ್ ಕಾಗದ ಕೇಳಿದ ಮ್ಯಾಲೆ ಹೆಬ್ಬಾಳಕ್ಕೆ ಹೋದೆ. ಐದು ವರ್ಷಕ್ಕೆ ಆ ದಾರಿ ಮರೆತೋಗಿರಬೇಕು ಅಂದ್ಕಂಡಿದ್ದೆ. ಮರ್ತಿರ್ನಿಲ್ಲ. ಮರಿ ಹೂತಿದ್ದ ಜಾಗದಲ್ಲಿ ಹೋಗಿ ಕುಂತ್ಕಂಡೆ. ಹುಲ್ಲು ಬೆಳೆದದೆ. ಎರಡು ವರ್ಷ ನಾನು ಸಾಕಿದ್ದು. ಹೆಸರಿಕ್ಕಿರ್ನಿಲ್ಲ, ಕುಯ್ಯೋ ಮರಿಗೆ ಹೆಸರು ಇಕ್ಕಬಾರ್ದು. ಆದ್ರೂ ನನ್ನ ಕೂಗು ಕೇಳುದ್ರೆ ಓಡಿ ಬರ್ತಿತ್ತು. ಅದು ಚೆಂದಾಗಿತ್ತು ಅಂತ ನೀನು ಬರ್ದಿದ್ದೆಯಲ್ಲ, ಅಲ್ಲಿ ಕುಂತು ಅತ್ತುಬುಟ್ಟೆ. ಇದನ್ನ ನಿಮ್ಮತ್ತಿಗೆಗೂ ಹೇಳಿಲ್ಲ.

ಆಮ್ಯಾಕೆ ಕ್ವಾಪ ಬಂತು. ನಿನ್ ಮ್ಯಾಲೆ. ನಾನು ನಿಜ ಹೇಳ್ತೀನಿ ಕಣೋ, ನೀನು ಹುಟ್ಟಿದಾಗ್ನಿಂದ ನಂಗೆ ನಿನ್ ಮ್ಯಾಲೆ ಇಂಥಾ ಕ್ವಾಪ ಬಂದಿರ್ನಿಲ್ಲ. ಈ ಐದು ವರ್ಷ ನಾನು ನೆತ್ತರು ಕೊಟ್ಟ ಕೈ ಅಂತ ಈ ಬಲಗೈ ನೋಡ್ಕಂಡು ಉಂಡಿದ್ದೀನಿ. ನೀನು ಒಂದು ದೊಡ್ಡ ಮಾತು ಆಡಬೇಕು ಅಂತ ಆಡ್ಬುಟ್ಟೆ. ರೈಲು ಹತ್ತಿ ಹೋಗ್ಬುಟ್ಟೆ. ಬೈಯಿ ಅಂತ ಬರ್ದಿದ್ದೀಯ. ಬೈಯೋದು ಇಷ್ಟು ಕಾಗದದಾಗೆ ಹಿಡಿಯಲ್ಲ.

ಅಲ್ಲಿಂದ ಎದ್ದು ದೇವರಾಜು ಮನೆಗೆ ಹೋದೆ. ಬಾಗಿಲಾಗೇ ನಿಂತು ಎಲ್ಲ ಹೇಳ್ದೆ. ನಿಮ್ಮವ್ವ ನನ್ನ ಮರಿಯಿಂದ ಸಾಯ್ನಿಲ್ಲ ಅಂದೆ. ಅವನು ತಲೆ ತಗ್ಗಿಸ್ಕಂಡು ಕೇಳ್ದ. ಆಮ್ಯಾಕೆ, "ನೀನು ಬಂದು ಹೇಳುದ್ರೆ ನಾನು ನಂಬಲ್ಲ ಕೆಂಪಯ್ಯಣ್ಣ. ಅವತ್ತು ಹೇಳ್ದೋನು ಅವನು. ಅವನೇ ಬಂದು ಹೇಳ್ಲಿ, ಅವತ್ತು ಹೇಳ್ದಂಗೆ ಎಲ್ಲರ್ ಮುಂದೆ" ಅಂದ. ನಂಗೂ ಅದೇ ನ್ಯಾಯ ಅನ್ನಿಸ್ತು. ಅವನೂ ಐದು ವರ್ಷ ಅವ್ವನ್ನ ಯಾರೋ ಕೊಂದ್ರು ಅಂತ ಬದುಕವ್ನೆ.

ನಿಂಗೆ ನನ್ನ ಕೈಲಿ ಒಂದು ಸಾಲು ಬೇಕಿತ್ತಂತೆ. ತಗೋ. ನೀನು ಅಲ್ಲಿ ಸಹಿ ಹಾಕಕೂಡದು. ಆಗಸ್ಟಿಗೆ ಬರಬೇಕು. ಮನೆಗೆ ಬರಬ್ಯಾಡ. ರೈಲಿಳಿದು ನೇರ ಹೆಬ್ಬಾಳಕ್ಕೆ ಹೋಗು. ಏಳು ಮನೆ ಬಾಗಿಲಿಗೂ ಹೋಗಿ, ನಾನು ಹೇಳಿದ್ದು ತಪ್ಪು ಅನ್ನು. ದೇವರಾಜು ಮನೆಗೆ ಮೊದ್ಲು ಹೋಗು. ಅವನು ಒಂದು ಏಟು ಹಾಕುದ್ರೆ ಹಾಕಿಸ್ಕೋ. ಕಾಲಿಗೆ ಬೂಟು ಹಾಕ್ಕಂಡು ಹೋಗಬ್ಯಾಡ.

ಏಳನೇ ಮನೆ ನಂದು. ಆ ಹೊತ್ತಿಗೆ ಬೀಗ ತೆಗೆದು, ಜಗಲಿ ಗುಡಿಸಿ, ಹೆಬ್ಬಾಳದ ಮನೆ ಬಾಗಿಲಾಗೆ ನಾನು ಕುಂತಿರ್ತೀನಿ. ಎದುರಿಗೇ ಕುಂತಿರ್ತೀನಿ. ನನಗೂ ಹೇಳು. ಆಮ್ಯಾಕೆ ನಿನ್ನ ಬೈಯಕ್ಕೆ ಸುರು ಮಾಡ್ತೀನಿ. ಐದು ವರ್ಷದ್ದು ಐತೆ, ಬೇಗ ಮುಗಿಯಲ್ಲ.

ಕೆಂಪಯ್ಯ